ಊಟ ಹಾಕಿ ಕಳಿಸಿದವರ ಬಗ್ಗೆ ನೆಟ್ಟಗೆ ಬರೆಯೋದು ಹೇಗೆ? ಬ್ಲಾಗರ್‌ಗಳು, ಪಿಆರ್‌ನವರು ಇಬ್ಬರೂ ಹೇಳಿ

ಗಿರಿತಪ್ಪಲು (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ಕಾಫಿ ಮತ್ತು ಮಲೆನಾಡಿನ ಓಡಾಟದ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ಲಕ್ಷಗಟ್ಟಲೆ ಓದುಗರಿಲ್ಲ, ಇರುವವರು ನಂಬಿ ಓದುತ್ತಾರೆ. ಈಗೀಗ ಪಿಆರ್ ಏಜೆನ್ಸಿಗಳ, ಅಂದರೆ ಕಂಪನಿಗಳ ಪರ ಪ್ರಚಾರ ನೋಡಿಕೊಳ್ಳುವವರ ಮೇಲ್ ಜಾಸ್ತಿ ಆಗಿದೆ. ಬೆಂಗಳೂರಿನಿಂದ ಬರುವವು ಒಂದು ಥರ. 'ಡಿಯರ್ ಬ್ಲಾಗರ್' ಅಂತ ಶುರು, ಕೆಳಗೆ ಇಂಗ್ಲಿಷ್ ಪ್ರೆಸ್ ನೋಟ್, ಅದರ ಕೆಳಗೆ ಮೆಷಿನ್ ಮಾಡಿದ ಕನ್ನಡ. ಮೊನ್ನೆ ಲಿಪ್‌ಸ್ಟಿಕ್ ಬಗ್ಗೆ ಬರೆಯಿರಿ ಅಂತ ಒಂದು ಬಂದಿತ್ತು. ಡಿಲೀಟ್ ಮಾಡಿದರೆ ಮುಗಿಯಿತು.

ನನ್ನ ತಲೆನೋವು ಊರಿನವರದು. ಇಲ್ಲಿ ಪಿಆರ್ ಅಂದರೆ ಏಜೆನ್ಸಿ ಮಾತ್ರ ಅಲ್ಲವಲ್ಲ. ರೆಸಾರ್ಟಿನ ಪ್ರಚಾರ ನೋಡಿಕೊಳ್ಳುವ ಹುಡುಗ ನನ್ನ ತಮ್ಮನ ಕ್ಲಾಸ್‌ಮೇಟ್. ಹೋಂಸ್ಟೇ ಮಾಲೀಕರು ನಮ್ಮ ಭಾವನ ಕಡೆಯವರು. ಕರೆಯುತ್ತಾರೆ, ಕಡುಬು ಕೋಳಿ ಸಾರು ಬಡಿಸುತ್ತಾರೆ, ಹೊರಡುವಾಗ ಒಂದು ಪ್ಯಾಕೆಟ್ ಕಾಫಿ ಪುಡಿ ಕೈಗಿಡುತ್ತಾರೆ. ಬರೀರಿ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಆಮೇಲೆ ಯಾವುದೋ ಮದುವೆ ಮನೆಯಲ್ಲಿ ಸಿಕ್ಕಿ, 'ಏನೋ, ನಮ್ಮದು ಬರಲೇ ಇಲ್ಲ?' ಅಂತ ಎಲ್ಲರ ಎದುರು ಕೇಳುತ್ತಾರೆ.

ಜಾಗ ಚೆನ್ನಾಗಿದ್ದರೆ ತೊಂದರೆ ಇಲ್ಲ. ಬಿಸಿನೀರು ಬರಲಿಲ್ಲ, ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು ಅಂದರೆ ಏನು ಮಾಡುವುದು? ಸುಮ್ಮನಿದ್ದರೆ ಓದುಗರಿಗೆ ಮೋಸ. ಬರೆದರೆ ಭಾವನ ಮನೆಯಲ್ಲಿ ಜಗಳ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? ಪಿಆರ್ ಕೆಲಸದಲ್ಲಿರುವವರು ಇಲ್ಲಿದ್ದರೆ, ನಿಮ್ಮ ಕಡೆಯಿಂದಲೂ ಬೈದುಬಿಡಿ.

ಹದಿಮೂರರ ಗಾಡಿ (ಹಾಸನ):

ಕರೆದಾಗ ಹೋಗಲೇಬಾರದು ಗುರು. ದುಡ್ಡು ಕೊಟ್ಟು ಉಳಿದುಕೋ, ಮನಸ್ಸಿಗೆ ಬಂದದ್ದು ಬರಿ. ಇದರಲ್ಲಿ ಚರ್ಚೆ ಏನಿದೆ?

ಗಿರಿತಪ್ಪಲು:

ಲಾಂಗ್ ವೀಕೆಂಡಿನಲ್ಲಿ ಇಲ್ಲಿನ ಒಂದು ರೂಮಿನ ಬಾಡಿಗೆ ಎಷ್ಟು ಅಂತ ಗೊತ್ತಿದ್ದೂ ಹೀಗೆ ಹೇಳುತ್ತೀರಲ್ಲ! ಬ್ಲಾಗಿನಿಂದ ನನಗೆ ಬರುವುದು ಡೊಮೇನ್ ಖರ್ಚಿಗೆ ಸಾಕು, ಅಷ್ಟೇ.

ಪ್ರೆಸ್‌ನೋಟ್ ಅಕ್ಕ (ಅರಸೀಕೆರೆ, ಈಗ ಬೆಂಗಳೂರು):

ಬೈಯೋಕೆ ಕರೆದಿದ್ದೀರಿ, ಬಂದಿದ್ದೇನೆ.

ಮೊದಲು 'ಡಿಯರ್ ಬ್ಲಾಗರ್' ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಕೈಗೆ ಒಂದು ಹಳೆಯ ಎಕ್ಸೆಲ್ ಪಟ್ಟಿ ಕೊಡುತ್ತಾರೆ. ಅದರಲ್ಲಿ ಹೆಸರು, ಮೇಲ್ ಇರುತ್ತದೆ. ಯಾರು ಏನು ಬರೆಯುತ್ತಾರೆ ಅಂತ ಇರುವುದಿಲ್ಲ. ವಾರದ ಕೊನೆಗೆ ಕ್ಲೈಂಟ್ 'ಎಷ್ಟು ಕಡೆ ಬಂತು?' ಅಂತ ಕವರೇಜ್ ರಿಪೋರ್ಟ್ ಕೇಳುತ್ತಾರೆ. ನಾಲ್ಕು ಕ್ಲೈಂಟ್ ನೋಡಿಕೊಳ್ಳುವ ಹುಡುಗಿಗೆ ನಿಮ್ಮ ಬ್ಲಾಗ್ ಓದುವ ಪುರುಸೊತ್ತು ಇರುವುದಿಲ್ಲ. ಇದು ನೆಪ ಅಲ್ಲ, ಒಳಗಿನ ಸ್ಥಿತಿ. ಆದರೂ ಓದದೆ ಕಳಿಸುವುದು ಕೆಟ್ಟ ಕೆಲಸವೇ. ನಮ್ಮ ಹೊಸಬರಿಗೆ ನಾನು ಹೇಳುವುದು ಒಂದೇ: ಆ ಬ್ಲಾಗಿನ ಕೊನೆಯ ಮೂರು ಬರಹ ಓದಿ, ಆಮೇಲೆ ಮೇಲ್ ಬರಿ. ಓದಲು ಟೈಮ್ ಇಲ್ಲದಿದ್ದರೆ ಕಳಿಸಲೇಬೇಡ.

ಈಗ ನಿಮ್ಮ ಕಡೆಯವರ ತಪ್ಪು. ನಾವು ಪ್ರೆಸ್ ನೋಟ್ ಕಳಿಸಿದರೆ, ಉತ್ತರವಾಗಿ ರೇಟ್ ಕಾರ್ಡ್, ಅಂದರೆ ಬರೆಯಲು ಇಷ್ಟು ದುಡ್ಡು ಅನ್ನುವ ಪಟ್ಟಿ ಬರುತ್ತದೆ! ಪ್ರೆಸ್ ನೋಟ್ ಅಂದರೆ ಸುದ್ದಿ. ನಿಮ್ಮ ಓದುಗರಿಗೆ ಬೇಕು ಅನಿಸಿದರೆ ಬಳಸಿ, ಇಲ್ಲದಿದ್ದರೆ ಬಿಡಿ. ಅದಕ್ಕೆ ದುಡ್ಡು ಇರುವುದಿಲ್ಲ, ಇರಲೂಬಾರದು. ಜಾಹೀರಾತಿನ ದುಡ್ಡು ಬೇರೆ ಲೆಕ್ಕ. ಅದು ಬಹಳ ಸಲ ಬೇರೆ ತಂಡದ ಕೈಯಲ್ಲಿ ಇರುತ್ತದೆ. ಈ ಗೆರೆ ಹಳೆಯದು. 1906ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿ ಮಾಲೀಕರ ಪರ ಪಿಆರ್ ಕೆಲಸ ಮಾಡುತ್ತಿದ್ದ ಐವಿ ಲೀ, ಪತ್ರಿಕೆಗಳಿಗೆ ಒಂದು ಹೇಳಿಕೆ ಕಳಿಸಿದ್ದರು. ನಮ್ಮ ಕೆಲಸ ಎಲ್ಲರ ಕಣ್ಣೆದುರೇ ನಡೆಯುತ್ತದೆ, ನಾವು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅನಿಸಿದರೆ ದಯವಿಟ್ಟು ಬಳಸಬೇಡಿ ಎಂಬ ಅರ್ಥದ ಮಾತು ಅದರಲ್ಲಿತ್ತು. ನೂರು ವರ್ಷ ದಾಟಿದರೂ ನಮ್ಮವರಿಗೂ ನಿಮ್ಮವರಿಗೂ ಇದು ಪೂರ್ತಿ ಅರ್ಥವಾಗಿಲ್ಲ ಬಿಡಿ.

ಇನ್ನೊಂದು. 'ಬೇಡ' ಅಂತ ಒಂದು ಸಾಲು ಬರೆಯಿರಿ ಪ್ಲೀಸ್. ಉತ್ತರವೇ ಇಲ್ಲದಿದ್ದರೆ ಮೇಲ್ ತಲುಪಲಿಲ್ಲವೇನೋ ಅಂತ ನಾವು ಮತ್ತೆ ಕಳಿಸುತ್ತೇವೆ, ಆಮೇಲೆ ಫೋನ್ ಮಾಡುತ್ತೇವೆ. ನಿಮಗೂ ಕಿರಿಕಿರಿ, ನಮಗೂ ಕಿರಿಕಿರಿ.

ದ್ವಾರಸಮುದ್ರ (ಹಳೇಬೀಡು):

ಅಕ್ಕ ಹೇಳಿದ್ದರಲ್ಲಿ ಸತ್ಯ ಇದೆ. ನಾನು ಹೊಯ್ಸಳರ ಕಾಲದ ಗುಡಿಗಳ ಬಗ್ಗೆ ಬರೆಯುವವನು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿಂದ ಶುರುವಾಯಿತು ನೋಡಿ ಪ್ರೆಸ್ ನೋಟ್ ಮಳೆ. ರೆಸಾರ್ಟು, ಟ್ಯಾಕ್ಸಿಯವರು, ಸೀರೆ ಅಂಗಡಿ, ಎಲ್ಲರಿಗೂ ಯುನೆಸ್ಕೋ ಬೇಕು. ಒಂದರಲ್ಲಿ 'ಹಾಸನ ಜಿಲ್ಲೆಯ ಮೂರು ದೇವಸ್ಥಾನಗಳು' ಅಂತ ಇತ್ತು. ಸೋಮನಾಥಪುರ ಇರುವುದು ಮೈಸೂರು ಜಿಲ್ಲೆಯಲ್ಲಿ. ಇನ್ನೊಂದರಲ್ಲಿ 'ಚಿಕ್ಕಮಗಳೂರಿನ ಬೇಲೂರು'. ಬೇಲೂರಿನವರು ಓದಿದ್ದರೆ ಗತಿ ಏನು!

ಮೊದಲನೆಯದಕ್ಕೆ ನಾನು ಬೈಯದೆ, ತಪ್ಪು ಎಲ್ಲಿದೆ ಅಂತಷ್ಟೇ ಬರೆದು ಕಳಿಸಿದೆ. ಆ ಹುಡುಗಿ ಅರ್ಧ ಗಂಟೆಯಲ್ಲಿ ತಿದ್ದಿದ ಪ್ರತಿ ಕಳಿಸಿದಳು, ಬೇರೆಯವರಿಗೂ ಕಳಿಸಿದಳು. ಈಗ ಆಕೆ ಗುಡಿಗಳ ಬಗ್ಗೆ ಏನೇ ಕಳಿಸುವ ಮೊದಲು ಫೋನ್ ಮಾಡಿ ಕೇಳುತ್ತಾಳೆ. ಆಕೆಯ ಕ್ಲೈಂಟ್ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ. ಆದರೆ ಕಳೆದ ಸಲ ಜೀರ್ಣೋದ್ಧಾರದ ಕೆಲಸ ಮಾಡುವ ಒಬ್ಬ ಹಿರಿಯ ಶಿಲ್ಪಿಯ ಜೊತೆ ಮಾತಾಡಬೇಕಿತ್ತು. ಪರಿಚಯ ಮಾಡಿಸಿದ್ದು ಅವಳೇ. ಪಿಆರ್‌ನವರ ಹತ್ತಿರ ಇರುವ ನಿಜವಾದ ಆಸ್ತಿ ಅದು, ಯಾರು ಎಲ್ಲಿದ್ದಾರೆ ಅನ್ನುವ ತಿಳುವಳಿಕೆ. ಕಾಫಿ ಪುಡಿ ಪ್ಯಾಕೆಟ್ ಅಲ್ಲ.

ಗಿರಿತಪ್ಪಲು:

ಮುಳ್ಳಯ್ಯನಗಿರಿ 'ದಕ್ಷಿಣ ಭಾರತದ ಅತಿ ಎತ್ತರದ ಶಿಖರ' ಅಂತ ನನಗೆ ಬರುವ ಎಲ್ಲ ಪ್ರೆಸ್ ನೋಟ್‌ಗಳಲ್ಲೂ ಇರುತ್ತದೆ. ಸುಮಾರು 1,930 ಮೀಟರ್, ಕರ್ನಾಟಕಕ್ಕೆ ಅತಿ ಎತ್ತರ, ಅಷ್ಟೇ. ಕೇರಳದ ಆನಮುಡಿ 2,695 ಮೀಟರ್ ಇದೆ. ತಿದ್ದಿ ಕಳಿಸಿದರೆ 'ನೋಟೆಡ್ ಸರ್' ಅಂತ ಉತ್ತರ. ಮುಂದಿನ ಸಲವೂ ಅದೇ ಸಾಲು.

ಮತ್ತೆ, ಕನ್ನಡ ಪ್ರೆಸ್ ನೋಟನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುವವರಿಗೆ ಯಾರಾದರೂ ಬುದ್ಧಿ ಹೇಳಿ. ಕಾಪಿ ಮಾಡಿ ಹಾಕಿದರೆ ಬರೀ ಗಜಿಬಿಜಿ ಇಂಗ್ಲಿಷ್ ಅಕ್ಷರ. ಯೂನಿಕೋಡ್ ಬಂದು ಇಷ್ಟು ಕಾಲವಾಯಿತು! ಫೋಟೋಗಳನ್ನು ವಾಟ್ಸಾಪಿನಲ್ಲಿ ಕುಗ್ಗಿಸಿ ಕಳಿಸುವುದೂ ಅಷ್ಟೇ. ಡ್ರೈವ್ ಲಿಂಕ್ ಕೊಟ್ಟು, ಯಾರು ತೆಗೆದ ಫೋಟೋ ಅಂತ ಬರೆದರೆ ಸಾಕು.

ತೋಟದಮನೆ (ಮೂಡಿಗೆರೆ):

ನಾನು ಎದುರು ಕಡೆಯವನು. ತೋಟ ಇದೆ, ಜೊತೆಗೆ ಸಣ್ಣ ಹೋಂಸ್ಟೇ. ಗಿರಿತಪ್ಪಲು ಅವರು ಮಾಲೀಕರನ್ನು ದೂರಿದ್ದಾರೆ, ನಮ್ಮ ಕಥೆಯನ್ನೂ ಕೇಳಿ.

ಡಿಸೆಂಬರ್ ಕೊನೆ ವಾರ ಫೋನ್ ಬರುತ್ತದೆ. 'ನಾವು ಬ್ಲಾಗರ್ಸ್, ಕೊಲಾಬ್ ಮಾಡೋಣ.' ಅಂದರೆ ಫ್ರೀ ರೂಮು. ಆಗ ನಮ್ಮಲ್ಲಿ ಕೊಯ್ಲು ಜೋರಾಗಿ ನಡೆಯುತ್ತಿರುತ್ತದೆ, ಆಳು ಸಿಗುವುದಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ರಾತ್ರಿವರೆಗೂ ಕೆಲಸ. ರೂಮುಗಳೂ ಭರ್ತಿ. ಇಬ್ಬರು ಅಂತ ಹೇಳಿ ಆರು ಜನ ಬಂದವರಿದ್ದಾರೆ. ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಮಲಗಿ ಫೋಟೋ ತೆಗೆಸಿಕೊಂಡವರಿದ್ದಾರೆ. ಹೋದ ಮೇಲೆ ಬರಹವೂ ಇಲ್ಲ, ಫೋನೂ ಇಲ್ಲ. ಇದಕ್ಕೆ ಏನನ್ನುತ್ತೀರಿ?

ಒಳ್ಳೆಯದೂ ಇದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ರಸ್ತೆ ಮುಚ್ಚಿತ್ತು. ನಾವೇ ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಏಜೆನ್ಸಿ ಅದೇ ವಾರ 'ಮಳೆಯಲ್ಲಿ ಮಲೆನಾಡು ನೋಡ ಬನ್ನಿ' ಅಂತ ಊರಿಗೆಲ್ಲ ಮೇಲ್ ಕಳಿಸಿತು. ನಮ್ಮ ಸುತ್ತ ಜನ ಮನೆ ಕಳೆದುಕೊಂಡು ಕೂತಿದ್ದರು. ಒಬ್ಬ ಬ್ಲಾಗರ್ ನನಗೇ ಫೋನ್ ಮಾಡಿ, 'ಸಾರ್, ಇದನ್ನು ಈಗ ಹಾಕುವುದಿಲ್ಲ, ನಿಮ್ಮಲ್ಲಿ ಎಲ್ಲರೂ ಸೌಖ್ಯವಾ? ಯಾವ ರಸ್ತೆ ತೆರೆದಿದೆ ಹೇಳಿ, ಅದನ್ನು ಬರೆಯುತ್ತೇನೆ' ಅಂದರು. ಏಜೆನ್ಸಿ ಬಿಟ್ಟೆ. ಆ ಬ್ಲಾಗರ್ ಜೊತೆ ಈಗಲೂ ಮಾತುಕತೆ ಇದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದರೆ ಮೊದಲ ಫೋನ್ ಅವರಿಗೆ. ಹೂವು ಒಂದು ವಾರವೂ ನಿಲ್ಲುವುದಿಲ್ಲ, ಹೊತ್ತಿಗೆ ಸರಿಯಾಗಿ ತಿಳಿಸಿದರೆ ಅವರಿಗೂ ಅನುಕೂಲ ಅಲ್ವಾ.

ಬಿಸಿನೀರಿನ ವಿಷಯ. ನನ್ನ ಮನೆಯಲ್ಲಿ ಬಿಸಿನೀರು ಬರದಿದ್ದರೆ ಅಲ್ಲೇ ಹೇಳಿ, ಆಗಲೇ ಸರಿ ಮಾಡಿಸುತ್ತೇನೆ. ಎದುರಿಗೆ 'ಸೂಪರ್ ಅಣ್ಣ' ಅಂತ ಹೇಳಿ ಮನೆಗೆ ಹೋಗಿ ಬರೆಯುವವರ ಮೇಲೆ ಸಿಟ್ಟು ಬರುತ್ತದೆ.

ಹದಿಮೂರರ ಗಾಡಿ:

ಕಾಫಿ ಮೇಲೆ ಮಲಗಿದ್ದು! ಆ ಪುಣ್ಯಾತ್ಮರ ಬ್ಲಾಗ್ ಹೆಸರು ಹೇಳಬೇಡಿ ಸಾರ್, ಹುಡುಕಿ ನೋಡೋಣ ಅನಿಸುತ್ತದೆ.

ಘಾಟಿ ತಿರುವು (ಸಕಲೇಶಪುರ):

ನಾನು ರೀಲ್ಸ್ ಮಾಡುವವನು, ಬರಹ ಕಡಿಮೆ. ನೀವೆಲ್ಲ ಇದನ್ನು ಜಾಸ್ತಿ ದೊಡ್ಡದು ಮಾಡುತ್ತಿದ್ದೀರಿ ಅನಿಸುತ್ತದೆ. ಫ್ರೀ ಸ್ಟೇ ಕೊಟ್ಟರು, ರೀಲ್ ಮಾಡಿದೆ, ಅವರಿಗೆ ಬುಕಿಂಗ್ ಬಂತು. ಚೆನ್ನಾಗಿಲ್ಲದ್ದನ್ನು ತೋರಿಸುವುದಿಲ್ಲ, ಅಷ್ಟೇ. ನೋಡುವವರಿಗೂ ಇದು ಪ್ರಮೋಷನ್ ಅಂತ ಗೊತ್ತೇ ಇರುತ್ತದೆ. ಬಿಸಿಲೆ ಘಾಟಿ ಕಡೆ ನಮ್ಮ ಮಾವನ ಹೋಂಸ್ಟೇ ಇದೆ. ಅದರ ರೀಲ್ ಚೆನ್ನಾಗಿ ಓಡಿತು. ಮಾವನಿಗೆ ಖುಷಿ, ಬಂದವರಿಗೆ ಖುಷಿ. ಯಾರಿಗೆ ನಷ್ಟ?

ಲೆಕ್ಕದ ಪುಸ್ತಕ (ಹಾಸನ):

ತಮ್ಮಾ, 'ಗೊತ್ತೇ ಇರುತ್ತದೆ' ಅನ್ನುವುದು ನಡೆಯುವುದಿಲ್ಲ. ನಾನು ತೆರಿಗೆ, ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಇತ್ತೀಚೆಗೆ ನಿಮ್ಮಂಥ ಹುಡುಗರೂ ಬರುತ್ತಿದ್ದಾರೆ, ಅದಕ್ಕೇ ಓದಿಕೊಂಡಿದ್ದೇನೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ಮಾರ್ಗಸೂಚಿ ತಂದಿದೆ. ಪ್ರಚಾರ ಮಾಡುವವನಿಗೂ ಕಂಪನಿಗೂ ಇರುವ ಸಂಬಂಧ ನೋಡುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು. ಸಂಬಂಧ ಅಂದರೆ ದುಡ್ಡು ಮಾತ್ರ ಅಲ್ಲ. ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಬಾರ್ಟರ್ (ದುಡ್ಡಿಲ್ಲದ ಕೊಡು-ಕೊಳ್ಳುವಿಕೆ), ಎಲ್ಲವೂ ಸೇರುತ್ತದೆ. ಹ್ಯಾಷ್‌ಟ್ಯಾಗ್ ಗುಂಪಿನಲ್ಲಿ ಬಚ್ಚಿಡುವಂತಿಲ್ಲ. ವಿಡಿಯೋ ಆದರೆ ಬಾಯಲ್ಲೂ ಹೇಳಬೇಕು, ಪರದೆ ಮೇಲೂ ಬರಬೇಕು. ಪ್ರಚಾರ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಕನ್ನಡ ರೀಲ್ ಆದರೆ ಕನ್ನಡದಲ್ಲೇ ಹೇಳಿ. ಜಾಹೀರಾತು ಉದ್ಯಮದವರೇ ಮಾಡಿಕೊಂಡ ಮಂಡಳಿ ಎಎಸ್‌ಸಿಐ 2021ರಲ್ಲೇ ಇಂಥದ್ದೇ ನಿಯಮ ಮಾಡಿತ್ತು. ಆದರೆ ಗ್ರಾಹಕ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡದಂತೆ ಒಂದು ವರ್ಷ ತಡೆಯಲೂ ಬಹುದು.

ಈಗ ನಿಮ್ಮ ಮಾವನ ವಿಷಯ. ಆ ಪಟ್ಟಿಯಲ್ಲಿ ಕುಟುಂಬದ ಮತ್ತು ಖಾಸಗಿ ಸಂಬಂಧವೂ ಇದೆ. ಮಾವ ಒಂದು ರೂಪಾಯಿ ಕೊಟ್ಟಿರದಿದ್ದರೂ ಹೇಳಬೇಕು.

ತೆರಿಗೆ ಬಗ್ಗೆ: 2022ರ ಜುಲೈ 1ರಿಂದ 194ಆರ್ ಅಂತ ಹೆಸರಾದ ನಿಯಮ ಬಂತು. ಒಬ್ಬರಿಂದ ಒಂದು ಆರ್ಥಿಕ ವರ್ಷದಲ್ಲಿ 20,000 ರೂಪಾಯಿ ದಾಟಿ ವ್ಯವಹಾರದ ಉಡುಗೊರೆ, ಸೌಲಭ್ಯ ಸಿಕ್ಕರೆ ಕೊಡುವವರು ಶೇಕಡಾ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ನೋಡಿಕೊಳ್ಳಬೇಕು. ವ್ಯಾಪಾರ 1 ಕೋಟಿ ದಾಟದ ಸಣ್ಣ ಮಾಲೀಕರಿಗೆ ಈ ಹೊಣೆ ಇಲ್ಲ. ಹಾಗಾಗಿ ತೋಟದಮನೆಯಂಥ ಸಣ್ಣ ಹೋಂಸ್ಟೇಗಳು ಗಾಬರಿ ಆಗಬೇಕಿಲ್ಲ. ದೊಡ್ಡ ರೆಸಾರ್ಟಿನ ಮೂರು ದಿನದ ಫ್ರೀ ಸ್ಟೇ ಆದರೆ ಲೆಕ್ಕಕ್ಕೆ ಬರುತ್ತದೆ. ವಿಮರ್ಶೆಗೆ ಕೊಟ್ಟ ಕ್ಯಾಮೆರಾ, ಫೋನನ್ನು ಬಳಸಿ ವಾಪಸ್ ಕೊಟ್ಟರೆ ಲೆಕ್ಕಕ್ಕಿಲ್ಲ, ಇಟ್ಟುಕೊಂಡರೆ ಇದೆ.

ಘಾಟಿ ತಿರುವು:

ಮಾವ ಅಂತಲೂ ಹೇಳಬೇಕಾ? ಆಗ ಯಾರು ನಂಬುತ್ತಾರೆ ಸಾರ್?

ಗಿರಿತಪ್ಪಲು:

ಲೆಕ್ಕದ ಪುಸ್ತಕ ಅವರೇ, ಕುಟುಂಬದ ವಿಷಯ ಅಲ್ಲಿ ಬರೆದಿದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಅರ್ಧ ತಲೆನೋವಿಗೆ ಮದ್ದು ಸಿಕ್ಕಿತು. ಭಾವನ ಕಡೆಯವರಿಗೆ 'ಸರ್ಕಾರದ ನಿಯಮ ಹೀಗಿದೆ, ನಿಮ್ಮಲ್ಲಿ ಉಂಡದ್ದನ್ನೂ ಬರೆಯಬೇಕು, ಸಂಬಂಧವನ್ನೂ ಬರೆಯಬೇಕು' ಅಂದರೆ, ಬರೀರಿ ಅನ್ನುವ ಒತ್ತಾಯವೇ ಅರ್ಧ ಕಡಿಮೆ ಆಗುತ್ತದೆ. ದಾಕ್ಷಿಣ್ಯವನ್ನು ನಾನು ಮುರಿಯಬೇಕಿಲ್ಲ, ನಿಯಮವೇ ಮುರಿಯುತ್ತದೆ.

ದ್ವಾರಸಮುದ್ರ:

ನನಗೆ ಅಷ್ಟು ನಂಬಿಕೆ ಇಲ್ಲ. ಮೇಲೆ 'ಉಚಿತ ವಾಸ್ತವ್ಯ' ಅಂತ ಬರೆದು, ಕೆಳಗೆ ಪೂರ್ತಿ ಹೊಗಳಿಕೆ ತುಂಬುವವರನ್ನು ದಿನಾ ನೋಡುತ್ತೇನೆ. ಹೇಳಿಬಿಟ್ಟರೆ ಕೈ ತೊಳೆದುಕೊಂಡಂತೆ ಅಂದುಕೊಂಡಿದ್ದಾರೆ. ಹೇಳುವುದು ಬೇಕು ಸರಿ, ಆದರೆ ಹೋಗುವ ಮೊದಲೇ 'ಬರೆದರೂ ಬರೆದೇನು, ಬಿಟ್ಟರೂ ಬಿಟ್ಟೇನು' ಅಂತ ಫೋನಿನಲ್ಲಿ ಹೇಳಿರಬೇಕು. ಹಾಗೆ ಹೇಳಿದ ಮೇಲೂ ಬನ್ನಿ ಅಂದವರ ಮನೆಗೆ ಮಾತ್ರ ನಾನು ಹೋಗುತ್ತೇನೆ. ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ. ಒಳ್ಳೆಯದೇ ಆಯಿತು.

ಪ್ರೆಸ್‌ನೋಟ್ ಅಕ್ಕ:

ಇದನ್ನು ಕ್ಲೈಂಟ್‌ಗೆ ಹೇಳುವುದು ನಮ್ಮ ಕೆಲಸ. ಬಹಳ ಏಜೆನ್ಸಿಗಳು ಹೇಳುವುದಿಲ್ಲ. 'ಐದು ಬ್ಲಾಗರ್ ಕರೆಸುತ್ತೇವೆ, ಐದು ಒಳ್ಳೆಯ ರಿವ್ಯೂ ಬರುತ್ತದೆ' ಅಂತ ಮಾತು ಕೊಟ್ಟುಬಿಡುತ್ತಾರೆ. ಆಮೇಲೆ ಬರದಿದ್ದರೆ ಬ್ಲಾಗರ್ ಮೇಲೆ ಒತ್ತಡ. ಕೊಡಲಾಗದ ಮಾತು ಕೊಟ್ಟವರು ನಾವು, ಬೈಸಿಕೊಳ್ಳುವವರು ನೀವು. ಯಾರಾದರೂ ನಿಮ್ಮನ್ನು ಹೀಗೆ ಒತ್ತಾಯಿಸಿದರೆ, ಹಿಂದೆ ಇಂಥ ಮಾತು ಕೊಟ್ಟಿದ್ದಾರೆ ಅಂತಲೇ ತಿಳಿಯಿರಿ.

ಬರೆದದ್ದನ್ನು ಹಾಕುವ ಮೊದಲು ತೋರಿಸಿ ಅಂತ ಕೇಳುತ್ತಾರಲ್ಲ, ಜಾಹೀರಾತಾದರೆ ಕೇಳಬಹುದು. ದುಡ್ಡಿಲ್ಲದ ಬರಹಕ್ಕೆ ಕೇಳಬಾರದು. ಬೆಲೆ, ದಾರಿ, ಹೆಸರು ಸರಿ ಇದೆಯಾ ಅಂತ ನೀವಾಗಿ ಕೇಳಿದರೆ ಸಂತೋಷದಿಂದ ಹೇಳುತ್ತೇವೆ. ಇಂತಿಷ್ಟು ದಿನದವರೆಗೆ ಹಾಕಬೇಡಿ ಅನ್ನುವ ಎಂಬಾರ್ಗೋ ವಿಷಯದಲ್ಲಿ ಮಾತ್ರ ನಾನು ಬಿಗಿ. ಒಪ್ಪಿಕೊಳ್ಳುವ ಮೊದಲೇ ಬೇಡ ಅನ್ನಿ, ಒಪ್ಪಿದ ಮೇಲೆ ಮುರಿದರೆ ಮುಂದಿನ ಸಲ ನಿಮಗೆ ಮೊದಲೇ ಯಾವ ಸುದ್ದಿಯೂ ಬರುವುದಿಲ್ಲ.

ಹದಿಮೂರರ ಗಾಡಿ:

ಲಿಂಕ್ ಬಗ್ಗೆಯೂ ಹೇಳಿ ಅಕ್ಕ. 'ಡು-ಫಾಲೋ ಲಿಂಕ್ ಕೊಡಿ, ಸ್ಪಾನ್ಸರ್ಡ್ ಅಂತ ಹಾಕಬೇಡಿ' ಅಂತ ಕೇಳುತ್ತಾರೆ. ಡು-ಫಾಲೋ ಅಂದರೆ ಗೂಗಲ್ ಹುಡುಕಾಟದಲ್ಲಿ ಅವರ ಸೈಟು ಮೇಲೆ ಬರಲು ನೆರವಾಗುವ ಲಿಂಕ್.

ಪ್ರೆಸ್‌ನೋಟ್ ಅಕ್ಕ:

ಕೊಡಬೇಡಿ. ದುಡ್ಡು ಅಥವಾ ವಸ್ತು ಪಡೆದು ಕೊಟ್ಟ ಲಿಂಕಿಗೆ ಗುರುತು ಹಾಕಬೇಕು ಅಂತ ಗೂಗಲ್ ಹೇಳುತ್ತದೆ. ಅದಕ್ಕೆಂದೇ 2019ರಲ್ಲಿ 'ಸ್ಪಾನ್ಸರ್ಡ್' ಗುರುತು ತಂದಿತು. ಮುಚ್ಚಿಟ್ಟರೆ ಹುಡುಕಾಟದಲ್ಲಿ ಕೆಳಗೆ ಹೋಗುವುದು ನಿಮ್ಮ ಬ್ಲಾಗ್, ಕೇಳಿದವರು ಆರಾಮಾಗಿ ಇರುತ್ತಾರೆ.

ಗಿರಿತಪ್ಪಲು:

ಎಲ್ಲರ ಮಾತು ಸೇರಿಸಿ, ಇನ್ನು ಮುಂದೆ ಕರೆದವರಿಗೆಲ್ಲ ಕಳಿಸಲು ಒಂದು ಉತ್ತರ ಬರೆದಿದ್ದೇನೆ. ನೋಡಿ ತಿದ್ದಿ:

'ನಮಸ್ಕಾರ. ಕರೆದದ್ದಕ್ಕೆ ಸಂತೋಷ. ನಾನು ಕಾಫಿ ಮತ್ತು ಮಲೆನಾಡಿನ ಪ್ರವಾಸದ ಬಗ್ಗೆ ಮಾತ್ರ ಬರೆಯುತ್ತೇನೆ. ಬಂದರೆ ಬರೆದೇ ಬರೆಯುತ್ತೇನೆ ಅಂತ ಮಾತು ಕೊಡಲಾರೆ. ಬರೆದರೆ, ನೀವು ಕರೆಸಿದ್ದು, ಉಚಿತವಾಗಿ ಕೊಟ್ಟದ್ದು, ನಮ್ಮ ನೆಂಟಸ್ತನ ಇದ್ದರೆ ಅದು, ಎಲ್ಲವನ್ನೂ ಮೊದಲ ಪ್ಯಾರಾದಲ್ಲೇ ಹೇಳುತ್ತೇನೆ. ಸರಿ ಇಲ್ಲದ್ದನ್ನು ನಿಮಗೆ ಅಲ್ಲೇ ಹೇಳುತ್ತೇನೆ, ಬರಹದಲ್ಲೂ ಹೇಳಬಹುದು. ಪುಡಿಯ ಬಗ್ಗೆ ಬರೆಯುವುದಾದರೆ ಚಿಕೋರಿ ಎಷ್ಟು, ಕಾಳು ಎಲ್ಲಿಯದು ಅಂತ ಕೇಳುತ್ತೇನೆ.'

ಕೊನೆಯ ಸಾಲು ಯಾಕೆಂದರೆ, ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ಜಿಐ (ಆ ಊರಿನ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕ ಮೇಲೆ ಎಲ್ಲ ಪ್ಯಾಕೆಟ್ ಮೇಲೂ ಗಿರಿಯ ಚಿತ್ರ ಬಂದಿದೆ. ಹಿಂದೆ ತಿರುಗಿಸಿದರೆ ಚಿಕೋರಿ ಶೇಕಡಾ 40, 47 ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಶೇಕಡಾ 49ರವರೆಗೆ ಕಾನೂನು ಒಪ್ಪುತ್ತದೆ, ಕುಡಿಯುವವರು ಇಷ್ಟಪಡುತ್ತಾರೆ, ಅದು ಸರಿಯೇ. ಆದರೆ ಪ್ರೆಸ್ ನೋಟಿನಲ್ಲಿ 'ಅಪ್ಪಟ ಗಿರಿ ಕಾಫಿ' ಅಂತ ಯಾಕೆ ಬರೆಯಬೇಕು?

ತೋಟದಮನೆ:

ಚೆನ್ನಾಗಿದೆ. ಎರಡು ಸೇರಿಸಿ. ಎಷ್ಟು ಜನ ಬರುತ್ತೀರಿ ಅಂತ ಮೊದಲೇ ಹೇಳಬೇಕು. ತೋಟದಲ್ಲಿ ಕೆಲಸ ಮಾಡುವ ಹೆಂಗಸರು, ಲೈನ್ ಮನೆಗಳಲ್ಲಿರುವ ಕೆಲಸದವರ ಮಕ್ಕಳ ಫೋಟೋವನ್ನು ಅವರನ್ನು ಕೇಳದೆ ಹಾಕಬಾರದು. ನನ್ನನ್ನು ಕೇಳಿದರೆ ಆಗಲಿಲ್ಲ, ಅವರನ್ನೇ ಕೇಳಬೇಕು.

ಪ್ರೆಸ್‌ನೋಟ್ ಅಕ್ಕ:

'ಮಾತು ಕೊಡಲಾರೆ' ಜೊತೆಗೆ, ಬರೆಯುವುದಿಲ್ಲ ಅಂತ ತೀರ್ಮಾನ ಮಾಡಿದರೆ ತಿಳಿಸುತ್ತೇನೆ ಅಂತಲೂ ಸೇರಿಸಿ. ರಿಪೋರ್ಟ್ ಬರೆಯುವ ಹುಡುಗಿ ನಿಮ್ಮ ಬ್ಲಾಗನ್ನು ತಿಂಗಳಾನುಗಟ್ಟಲೆ ತೆರೆದು ನೋಡುತ್ತಾ ಇರುತ್ತಾಳೆ.

ಗಿರಿತಪ್ಪಲು:

ಮೂರೂ ಸೇರಿಸಿದೆ. ಮೊದಲ ಪ್ರತಿ ಭಾವನಿಗೇ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಘಾಟಿ ತಿರುವು:

ಲೆಕ್ಕದ ಪುಸ್ತಕ ಸಾರ್, ಒಂದು ಡೌಟು. ಹಳೆಯ ರೀಲ್‌ಗಳಿಗೂ ಈಗ ಹಾಕಬೇಕಾ? ವಿಡಿಯೋ ಮೇಲೆ ಈಗ ಏನೂ ಬರೆಯಲು ಆಗುವುದಿಲ್ಲ.

ಲೆಕ್ಕದ ಪುಸ್ತಕ:

ಜನ ಈಗಲೂ ನೋಡಿ ಬುಕ್ ಮಾಡುತ್ತಿದ್ದರೆ ಹಾಕಿ. ಕ್ಯಾಪ್ಷನ್ ತಿದ್ದಬಹುದಲ್ಲ, ಮೊದಲ ಸಾಲಿನಲ್ಲೇ ಬರೆಯಿರಿ, 'ಮೋರ್' ಒತ್ತಿದ ಮೇಲೆ ಕಾಣುವ ಹಾಗಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಮಾತ್ರ ತೆಗೆದು, ಪರದೆ ಮೇಲೆ ಬರೆದು ಮತ್ತೆ ಹಾಕಿದರೆ ಇನ್ನೂ ಒಳ್ಳೆಯದು.

ಘಾಟಿ ತಿರುವು:

ವ್ಯೂಸ್ ಎಲ್ಲ ಹೋಗುತ್ತದಲ್ಲ ಸಾರ್! ಸರಿ, ಕ್ಯಾಪ್ಷನ್ ತಿದ್ದುತ್ತೇನೆ. ಮಾವನ ರೀಲಿಗೆ ಏನಂತ ಬರೆಯಲಿ?

ಲೆಕ್ಕದ ಪುಸ್ತಕ:

'ಇದು ನಮ್ಮ ಮಾವನ ಹೋಂಸ್ಟೇ' ಅಂತ.